ಗಾಯರಾಣ ಮತ್ತು ನಮ್ಮ ಅರ್ಜಿ

(ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ದಾಸೋಹದ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಮೂವತ್ತು ವರ್ಷ ತಲಾಟಿಯಾಗಿ ದುಡಿದವನು. ನನಗೆ ಗೊತ್ತಿರುವುದು ಉತಾರ, ನಕಾಶೆ, ಸರ್ವೆ ನಂಬರು. ಆದ್ದರಿಂದ ಊರ ಗಾಯರಾಣದ ವಿಷಯವನ್ನೇ ಹೇಳುತ್ತೇನೆ. ಮೈಸೂರು ಸೀಮೆಯವರು ಗೋಮಾಳ ಎನ್ನುವುದು ಇದನ್ನೇ.

ಗಾಯರಾಣ ಊರದು ಎನ್ನುತ್ತೇವೆ. ಉತಾರ ತೆಗೆದು ನೋಡಿದರೆ ಅಲ್ಲಿ ಊರಿನ ಹೆಸರಿಲ್ಲ, ಸರ್ಕಾರದ ಹೆಸರಿದೆ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಮು ದನ ಮೇಯಲು ಜಮೀನು ಕಾಯ್ದಿರಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಟ್ಟಿದೆ. ಮೇಯಿಸುವ ಹಕ್ಕು ಮಾತ್ರ ಆ ಊರಿನ ದನಗಳದು. ಎಷ್ಟು ಜಮೀನು ಎಂಬುದನ್ನು 1966ರ ನಿಯಮಗಳು ಹೇಳುತ್ತವೆ: ನೂರು ದನಕ್ಕೆ 12 ಹೆಕ್ಟೇರ್. ಊರಲ್ಲಿ ಐನೂರು ದನವಿದ್ದರೆ 60 ಹೆಕ್ಟೇರ್ ಬಿಡಬೇಕು. ಮುನ್ನೂರು ಎಂದು ಬರೆದರೆ 36 ಸಾಕು. ನಡುವಿನ 24 ಹೆಕ್ಟೇರ್, ಅಂದರೆ ಸುಮಾರು 60 ಎಕರೆ, ಕಾಗದದ ಮೇಲೆ 'ಹೆಚ್ಚುವರಿ' ಆಗಿಬಿಡುತ್ತದೆ. ಹೆಚ್ಚುವರಿ ಆದದ್ದಕ್ಕೆ ಮಂಜೂರಾತಿ ಕೇಳಬಹುದು. ಎಲ್ಲ ಆಟ ಇರುವುದು ಆ ದನಗಳ ಎಣಿಕೆಯಲ್ಲಿ.

ಆ ಎಣಿಕೆ ಬರೆಯುತ್ತಿದ್ದವನು ನಾನು.

ಒಂದು ಊರಲ್ಲಿ ನಮ್ಮದೇ ಸಮಾಜದ ಸಂಘದವರು ಸಮುದಾಯ ಭವನಕ್ಕೆ ಗಾಯರಾಣದಲ್ಲಿ ಎರಡು ಎಕರೆ ಕೇಳಿದ್ದರು. ವರದಿ ಕೊಡಬೇಕಿತ್ತು. ನಾನು ಹಿರಿಯರೊಬ್ಬರ ಪಡಸಾಲೆಯಲ್ಲಿ ಕೂತು, ಚಹಾ ಕುಡಿಯುತ್ತ, ಅವರು ಹೇಳಿದಂತೆ ಮನೆ ಮನೆಯ ದನ ಬರೆದೆ. ಹೊತ್ತು ಹನ್ನೊಂದಾಗಿತ್ತು, ಬಡವರ ದನ ಮೇಯಲು ಹೋಗಿದ್ದವು. ಹೊರಡುವಾಗ ಅಗಸಿ ಬಾಗಿಲಲ್ಲಿ ಒಬ್ಬ ಮುದುಕಿ ಕೇಳಿದಳು: "ನಮ್ಮ ಎರಡ ಎಮ್ಮಿ ಲೆಕ್ಕದಾಗ ಬಂದಾವೇನ್ರಿ ತಲಾಟಿ ಸಾಹೇಬ್ರ?" ಬಂದಾವ ಎಂದೆ. ಬಂದಿರಲಿಲ್ಲ. ಆಕೆಗೆ ಹೊಲವಿರಲಿಲ್ಲ, ಗಾಯರಾಣವೇ ಆಕೆಯ ಮೇವಿನ ಬಣವೆ. ಭವನ ಎದ್ದಿತು. ಹಿಂದೆಯೇ ಪ್ಲಾಟುಗಳೂ ಎದ್ದವು. ಮುಂದಿನ ಸಲ ಹೋದಾಗ ಆಕೆಯ ಎಮ್ಮೆಗಳು ಇರಲಿಲ್ಲ. ಕಾರಣ ಕೇಳುವ ಧೈರ್ಯ ನನಗಾಗಲಿಲ್ಲ.

ಈ ಸೀಮೆಯ ಜನ ಇಂಥದ್ದನ್ನು ಸುಮ್ಮನೆ ನೋಡಿದವರಲ್ಲ. 1980ರ ದಶಕದಲ್ಲಿ ನೀಲಗಿರಿ ಬೆಳೆಸಲೆಂದು ಊರೂರಿನ ಸಾಮೂಹಿಕ ಜಮೀನುಗಳನ್ನು ಸರ್ಕಾರ ಮತ್ತು ಖಾಸಗಿ ಪಾಲುದಾರಿಕೆಯ ಕಂಪನಿಗೆ ಕೊಟ್ಟಾಗ, 1987ರಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. ಕೆಲವೇ ವರ್ಷಗಳಲ್ಲಿ ಆ ಕಂಪನಿಯನ್ನು ಮುಚ್ಚಬೇಕಾಯಿತು. ಅಲ್ಲಿ ಎದುರಾಳಿ ಹೊರಗಿನವನಾಗಿದ್ದ, ಹೋರಾಟ ಸುಲಭ ಎನ್ನಲಾರೆ, ಆದರೆ ಯಾರ ವಿರುದ್ಧ ಎಂಬುದು ಸ್ಪಷ್ಟವಿತ್ತು. ನಾವೇ ಅರ್ಜಿದಾರರಾದಾಗ ಏನು ಮಾಡುವುದು?

2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಪಂಜಾಬಿನ ಒಂದು ಹಳ್ಳಿಯ ಕೆರೆಯ ಪ್ರಕರಣದಲ್ಲಿ, ಊರ ಸಾಮೂಹಿಕ ಜಮೀನಿನ ಒತ್ತುವರಿ ತೆರವುಗೊಳಿಸಲು ಎಲ್ಲ ರಾಜ್ಯಗಳೂ ಯೋಜನೆ ಮಾಡಬೇಕೆಂದು ಹೇಳಿತು. ಬಹಳ ವರ್ಷದಿಂದ ಇದ್ದೇವೆ, ಕಟ್ಟಡಕ್ಕೆ ಖರ್ಚು ಮಾಡಿದ್ದೇವೆ ಎಂಬುದು ಸಕ್ರಮಕ್ಕೆ ಕಾರಣವಾಗದು ಎಂದಿತು. ಭೂಹೀನ ಕೂಲಿಕಾರರಿಗೆ, ಪರಿಶಿಷ್ಟರಿಗೆ ಸರ್ಕಾರದ ಆದೇಶದಂತೆ ಕೊಟ್ಟದ್ದಕ್ಕೆ ಮತ್ತು ಶಾಲೆ, ದವಾಖಾನೆಯಂಥವು ಆಗಲೇ ಇರುವಲ್ಲಿಗೆ ವಿನಾಯಿತಿ ಇಟ್ಟಿತು. ನನಗೆ ಇದು ನ್ಯಾಯವೆನಿಸುತ್ತದೆ. ಬಗರ್ ಹುಕುಂ ಅರ್ಜಿ, ಆ 50, 53, 57ನೇ ನಮೂನೆಗಳನ್ನು ಹಿಡಿದು ವರ್ಷಗಟ್ಟಲೆ ತಾಲೂಕು ಕಚೇರಿಗೆ ಅಲೆಯುವ ಒಂದೆಕರೆ ಉಳುವವನನ್ನೂ ಲೇಔಟ್ ಮಾಡುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕಾಯಕದಿಂದ ಬಂದದ್ದನ್ನು ಹಂಚಿದರೆ ದಾಸೋಹ. ಮುದುಕಿಯ ಮೇವಿನ ಮೇಲೆ ದಾಸೋಹ ಭವನ ಕಟ್ಟಿದರೆ ಅದಕ್ಕೆ ಏನೆನ್ನಬೇಕು, ನೀವೇ ಹೇಳಿ.

ಈಗ ನಾನು ನಿಜವಾಗಿ ಬಂದ ಕೆಲಸ. ನಮ್ಮ ಸಂಘದ ಇನ್ನೊಂದು ಅರ್ಜಿ ತಹಶೀಲ್ದಾರರ ಮುಂದಿದೆ, ವಸತಿ ನಿಲಯಕ್ಕೆ ಗಾಯರಾಣದ ನಾಲ್ಕು ಎಕರೆ. ಅದನ್ನು ಹಿಂದಕ್ಕೆ ಪಡೆಯೋಣ. ದನಗಳ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಮನೆ ಹೆಸರು ಹಿಡಿದು ಗಟ್ಟಿಯಾಗಿ ಓದಲಿ ಎಂದು ಬರೆದುಕೊಡೋಣ. ನಿಲಯಕ್ಕೆ ನನ್ನ ಮನೆ ಹಿಂದಿನ ಹನ್ನೆರಡು ಗುಂಟೆ ಕೊಡುತ್ತೇನೆ. ಮಕ್ಕಳು ಒಪ್ಪಿದ್ದಾರೆ, ಸಣ್ಣವ ಮಾತ್ರ ಸ್ವಲ್ಪ ಮುಖ ಗಂಟು ಹಾಕಿದ. ಅರ್ಜಿಗೆ ಸಹಿ ಮಾಡಿದವರಲ್ಲಿ ಏಳು ಜನ ಈ ಸಭೆಯಲ್ಲೇ ಇದ್ದೀರಿ. ಪ್ರಸಾದವಾದ ಮೇಲೆ ಹೋಗಿಬಿಡಬೇಡಿ, ಕೂತು ಮಾತಾಡೋಣ.