ಮೈ ಇಳಿಯಲಿ, ಬಲ ಉಳಿಯಲಿ
(ಹೆಬ್ರಿಯಲ್ಲಿ ಮಾಡಿದ ಭಾಷಣ)



ಆಗುಂಬೆ ಘಟ್ಟದ ಬುಡದ ಈ ಊರಿನಲ್ಲಿಯೂ ಬೊಜ್ಜಿಳಿಸಲೆಂದು ಬರಿಯ ತಿಳಿಗಂಜಿ ಕುಡಿದು ದಿನ ಕಳೆಯುವವರುಂಟು. ತೂಕವೇನೋ ಇಳಿಯುವುದು, ಆದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗಿತೆಂಬುದನ್ನು ತಕ್ಕಡಿ ಹೇಳದು. ಹಾಗೆ ಬಲಗುಂದಿದವನು ಮುಪ್ಪಿನಲ್ಲಿ ಎದ್ದು ನಿಲ್ಲಲೂ ಪರರ ಕೈ ಹಿಡಿಯಬೇಕಾದೀತು.

ಬೊಜ್ಜು ಕರಗುತ್ತಿರುವಾಗಲೇ ಬಲ ಬೆಳೆಯಬಲ್ಲುದೇ? ವ್ಯಾಯಾಮಕ್ಕೆ ಹೊಸಬರಾದವರಿಗೂ ಸ್ಥೂಲಕಾಯರಿಗೂ ಅದು ಸಾಧ್ಯವೇ ಸರಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಅನ್ನವನ್ನು ತುಸು ತಗ್ಗಿಸಿ, ಹೆಸರು, ಹುರುಳಿ, ಮೊಸರು, ಮೀನು, ಮೊಟ್ಟೆಗಳನ್ನು ಹೆಚ್ಚಿಸಿರಿ. ವಾರದಲ್ಲಿ 2-3 ದಿನ ದಂಡ, ಬಸ್ಕಿ ಹೊಡೆಯಿರಿ, ಭಾರವೆತ್ತಿರಿ, ಆ ಭಾರವನ್ನು ಮೆಲ್ಲಮೆಲ್ಲನೆ ಏರಿಸಿರಿ. ದುಡಿಸಿದ ಮಾಂಸಖಂಡವನ್ನು ದೇಹವು ಸುಲಭವಾಗಿ ಬಿಟ್ಟುಕೊಡದು.

ನಮ್ಮ ಜಿಲ್ಲೆಯವರೇ ಆದ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ, 56 ಕಿಲೋ ಮೈತೂಕದವರ ವರ್ಗದಲ್ಲಿ, ಎರಡು ವಿಧದ ಎತ್ತುವಿಕೆಗಳಿಂದ ಒಟ್ಟು 249 ಕಿಲೋ ಎತ್ತಿ ಬೆಳ್ಳಿಯ ಪದಕ ಪಡೆದರು. ಮೈಭಾರ ಹಿಡಿತದಲ್ಲಿದ್ದೂ ಬಲ ಬೆಳೆಯುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಸೊಂಟದ ಸುತ್ತಳತೆ ಇಳಿದು, ಎತ್ತುವ ಭಾರ ಏರುತ್ತಿದ್ದರೆ, ಸಾಧನೆಯು ಸರಿದಾರಿಯಲ್ಲಿದೆಯೆಂದು ತಿಳಿಯಿರಿ.