ಕೆರೆಯ ಗೋಡು, ಕೊಕ್ಕರೆಯ ಗೂಡು

ಬೇಸಿಗೆ ಬಂದು ಕೆರೆಯ ನೀರು ಹಿಂಜರಿಯಿತೆಂದರೆ ನಮ್ಮ ಹರಪನಹಳ್ಳಿ ಸೀಮೆಯ ರೈತನಿಗೆ ಹಿಂದೆ ಒಂದು ಕೆಲಸ ಕಾದಿರುತ್ತಿತ್ತು. ಬಂಡಿ ಹೂಡಿಕೊಂಡು ಕೆರೆಯ ಅಂಗಳಕ್ಕೆ ಇಳಿಯುವುದು, ಗೋಡುಮಣ್ಣನ್ನು ಕಡಿದು ಹೊಲಕ್ಕೆ ಹೇರುವುದು. ನನ್ನೂರು ಹಲವಾಗಲು ತುಂಗಭದ್ರೆಯ ದಂಡೆಯ ಊರು. ಗೋಡು ಹೇರುವುದನ್ನು ನಾನು ಕಂಡದ್ದು ಸೋದರಮಾವನ ಊರಿನಲ್ಲಿ. ಮಸಾರಿ ಹೊಲಕ್ಕೆ ಗೋಡು ಬಿದ್ದರೆ ನೆಲ ನೀರನ್ನು ಹಿಡಿದುಕೊಳ್ಳುತ್ತದೆ, ಒಂದು ಮಳೆ ತಪ್ಪಿದರೂ ಪೈರು ತಾಳುತ್ತದೆ. ಹುಡುಗರಾದ ನಾವು ಸಲಿಕೆ ಹಿಡಿದು ಉತ್ಸಾಹದಿಂದ ಅಗೆಯತೊಡಗಿದರೆ ಮಾವ ಗದರುತ್ತಿದ್ದರು: “ತಳ ಒಡೀಬ್ಯಾಡ್ರೋ, ಕೆರಿ ಸೋರತೈತಿ!” ಕೆರೆಯ ತಳದ ಜಿಗುಟು ಮಣ್ಣಿನ ಪದರವೇ ನೀರನ್ನು ತಡೆದು ನಿಲ್ಲಿಸುವುದೆಂದು ಅವರಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ.

ನಮ್ಮ ಶಾಸನಗಳಲ್ಲಿ ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಮಾತುಗಳು ಬರುತ್ತವೆ. ಕೆರೆಯನ್ನು ಕಟ್ಟಿಸಿದವರಿಗೆ, ಕಾಪಾಡುವವರಿಗೆ ಬಿಟ್ಟ ಭೂಮಿಯದು. ಕೆರೆಯ ಕೆಲಸದ ಬಂಡಿಗಳಿಗಾಗಿ ದತ್ತಿ ಬಿಟ್ಟದ್ದೂ ಉಂಟು. ಪಂಡಿತನ ಚಪಲ, ಕ್ಷಮಿಸಬೇಕು, ವಿಷಯಕ್ಕೆ ಬರುತ್ತೇನೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯನ್ನು ತಮ್ಮಲ್ಲಿ ಕೆಲವರು ಕಂಡಿರಬಹುದು. ಸುಮಾರು 244 ಎಕರೆಯ, ಶತಮಾನಗಳ ಹಿಂದಿನ ನೀರಾವರಿ ಕೆರೆ. ಅದರೊಳಗೆ ನೀರಿನಲ್ಲಿಯೇ ನಿಂತ ಜಾಲಿಮರಗಳು. ಮರಗಳ ಮೇಲೆ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲುಗಳ ಗೂಡುಗಳು. 2017ರಲ್ಲಿ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು. 2024ರ ಜನವರಿಯಲ್ಲಿ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಮೂವತ್ತು ಸಾವಿರಕ್ಕೂ ಮಿಕ್ಕಿ ನೀರುಹಕ್ಕಿಗಳು ಅಲ್ಲಿ ತಂಗುತ್ತವೆಂದು ದಾಖಲೆ ಹೇಳುತ್ತದೆ.

ಇಂಥ ಕೆರೆಯಲ್ಲಿ ಗೋಡು ಕಡಿಯಬಹುದೇ? ಬೇಡವೆಂದರೆ ಹೂಳು ಏರುತ್ತ ಹೋಗಿ ನಾಳೆ ನೀರೂ ಇಲ್ಲ, ಹಕ್ಕಿಯೂ ಇಲ್ಲ. ಹೂಳಿನ ಹಾವಳಿಯನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಸುಮಾರು 133 ಟಿ.ಎಂ.ಸಿ. ಹಿಡಿಯಬೇಕಾಗಿದ್ದ ತುಂಗಭದ್ರಾ ಜಲಾಶಯ ಇಂದು 105ರ ಆಸುಪಾಸಿಗೆ ಇಳಿದಿದೆ. ಆದರೆ ಯಂತ್ರವನ್ನು ಬಿಟ್ಟರೆ ಇನ್ನೊಂದು ಅನಾಹುತ. ಬಣ್ಣದ ಕೊಕ್ಕರೆ ಮೀನನ್ನು ಕಣ್ಣಿನಿಂದ ಹುಡುಕುವುದಕ್ಕಿಂತ ಹೆಚ್ಚಾಗಿ ಕೊಕ್ಕಿನ ಸ್ಪರ್ಶದಿಂದ ಹಿಡಿಯುತ್ತದೆ. ಅದಕ್ಕೆ ಮೊಣಕಾಲುದ್ದದ ತೆಳುನೀರು ಬೇಕು. ಆಳುದ್ದದ ಗುಂಡಿಯಲ್ಲಿ ಅದು ಉಪವಾಸ. ನಮ್ಮ ಕಡೆಯ ಒಂದು ಕೆರೆಯಲ್ಲಿ ಇಟ್ಟಿಗೆಭಟ್ಟಿಗೆಂದು ಹಾಗೆಯೇ ತೋಡಿದರು. ಮಳೆಗಾಲದಲ್ಲಿ ನನ್ನ ತರಗತಿಯ ಹುಡುಗನೊಬ್ಬನ ಎಮ್ಮೆ ಆ ಗುಂಡಿಗಿಳಿದದ್ದು ಮತ್ತೆ ಮೇಲೆ ಬರಲಿಲ್ಲ. ಎರಡು ವಾರ ಆ ಹುಡುಗ ಶಾಲೆಗೆ ಬರಲಿಲ್ಲ.

ಐರ್ಲೆಂಡಿನಲ್ಲಿಯೂ ಇಂಥದೇ ಜಗಳ ನಡೆಯಿತು. ಅಲ್ಲಿಯ ಜೌಗುನೆಲದಲ್ಲಿ ಸಸ್ಯಗಳು ಅರೆಕೊಳೆತು ಪದರಗಟ್ಟಿದ ಮಣ್ಣನ್ನು ಕಡಿದು, ಒಣಗಿಸಿ, ಒಲೆಗೆ ಹಾಕುವುದು ತಲೆಮಾರುಗಳ ರೂಢಿ. ಆ ಮಣ್ಣು ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರು. 2011ರಲ್ಲಿ ಸರ್ಕಾರ 53 ಜೌಗುಗಳಲ್ಲಿ ಕಡಿತವನ್ನು ನಿಲ್ಲಿಸಿ, ಕಡಿಯುತ್ತಿದ್ದ ಮನೆಗಳಿಗೆ ವರ್ಷಕ್ಕೆ 1,500 ಯೂರೋ ಪರಿಹಾರವನ್ನೋ ಬೇರೆಡೆ ಜಾಗವನ್ನೋ ಕೊಡಲು ಮುಂದಾಯಿತು. ಆದರೂ ಜನ ಸುಲಭವಾಗಿ ಒಪ್ಪಲಿಲ್ಲ. ನಮ್ಮ ಸ್ಥಿತಿ ಅವರಿಗಿಂತ ಮೇಲು: ಅವರ ಮಣ್ಣು ತೆಗೆದರೆ ಜೌಗು ಸಾಯುತ್ತದೆ, ನಮ್ಮ ಗೋಡು ಹಿತಮಿತವಾಗಿ ತೆಗೆದರೆ ಕೆರೆ ಬದುಕುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಮರಗಳ ಮೇಲೆಯೇ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ರೈತರು ಮರದಡಿ ಗುಂಡಿ ತೋಡಿ, ಹಕ್ಕಿಯ ಹಿಕ್ಕೆಯನ್ನು ಕೆರೆಯ ಗೋಡಿನೊಡನೆ ಬೆರೆಸಿ ಗೊಬ್ಬರ ಮಾಡುತ್ತಿದ್ದರು. ಹಕ್ಕಿ ಅವರ ಪಾಲಿಗೆ ಮನೆಮಗಳಂತೆ. ಯಾರ ಅಪ್ಪಣೆಗೂ ಅವರು ಕಾಯಲಿಲ್ಲ.

ಸಂರಕ್ಷಣಾ ಮೀಸಲಿನ ಕಾನೂನಿನಲ್ಲಿ ನಿರ್ವಹಣಾ ಸಮಿತಿಯೊಂದಕ್ಕೆ ಅವಕಾಶವಿದೆ. ಅದರಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಯೂ ಕೃಷಿ ಇಲಾಖೆಯವರೂ ಇರತಕ್ಕದ್ದು. ರಾಮ್ಸಾರ್ ಒಪ್ಪಂದವೂ ಕೇಳುವುದು ವಿವೇಕದ ಬಳಕೆಯನ್ನು. ಹಾಗಾದರೆ ಆ ಸಮಿತಿಯ ಮುಂದೆ ಇಡಬೇಕಾದ ಮಾತು ದೊಡ್ಡದೇನಲ್ಲ. ಮರಿಗಳು ಹಾರಿಹೋದ ಮೇಲೆ, ಅಂಗಳ ಒಣಗಿದ ಕಡೆ, ಜಾಲಿಯ ಬೇರಿಗೂ ಏರಿಗೂ ದೂರದಲ್ಲಿ, ಈ ವರ್ಷ ಒಂದು ಮಗ್ಗುಲು ಬರುವ ವರ್ಷ ಇನ್ನೊಂದು ಮಗ್ಗುಲು, ಹೊಲಕ್ಕೆ ಮಾತ್ರ ಗೋಡು. ಎಷ್ಟು ಆಳವೆಂಬುದನ್ನು ಗೂಟ ನೆಟ್ಟು ತೋರಿಸಲಿ. ಬಂಡಿ ಇಂದು ಟ್ರ್ಯಾಕ್ಟರಾಗಿದೆ, ಆಗಲಿ. ಗೂಟ ನೆಡುವ ದಿನ ಊರಿನ ನಾಲ್ಕು ಮಂದಿ ಹಿರಿಯರನ್ನೂ ಕರೆಯಲಿ; ತಳ ಎಲ್ಲಿ ಗಟ್ಟಿ, ಎಲ್ಲಿ ತೆಳುವೆಂದು ಬಲ್ಲವರು ಇನ್ನೂ ಇದ್ದಾರೆ.