ಕಾರಿನ ಬೆಲೆಗಿಂತ ಸಾಲವೇ ದೊಡ್ಡದಾದಾಗ



ಕಾರು ಕೊಳ್ಳುವುದನ್ನು ನಾವು ಆಕ್ಷೇಪಿಸುವುದಿಲ್ಲ. ವೃದ್ಧ ತಂದೆ-ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು, ದೂರದ ಉದ್ಯೋಗಕ್ಕೆ ಹೋಗಿಬರಲು ವಾಹನ ಬೇಕಾಗುತ್ತದೆ. ನಮ್ಮ ಚರ್ಚೆಯ ವಿಷಯ ಬೇರೆ. ಸಾಲದ ಕಾರನ್ನು ಮೂರ್ನಾಲ್ಕು ವರ್ಷಗಳಲ್ಲೇ ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ತರಲು ಹೊರಟವರಿಗೆ ಷೋರೂಮಿನಲ್ಲಿ ಕಹಿಯಾದ ಸತ್ಯವೊಂದು ಎದುರಾಗುತ್ತದೆ. ಕಾರಿಗೆ ಸಿಗುವ ಬೆಲೆಗಿಂತ ಅದರ ಮೇಲಿನ ಸಾಲವೇ ಹೆಚ್ಚಿರುತ್ತದೆ!

ಹೀಗಾಗುವುದೇಕೆ? 7 ಲಕ್ಷ ರೂ. ಷೋರೂಂ ಬೆಲೆಯ ಕಾರೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ ಅಂತಹ ಪೆಟ್ರೋಲ್ ಕಾರಿನ ಆಜೀವ ತೆರಿಗೆಯೇ ಶೇ. 14. ಉಪಕರ ಮತ್ತು ವಿಮೆ ಸೇರಿ ಅದು ರಸ್ತೆಗಿಳಿಯುವಾಗ 8 ಲಕ್ಷ ದಾಟಿರುತ್ತದೆ. ಅಲ್ಪ ಮುಂಗಡ ಕೊಟ್ಟು, 8 ಲಕ್ಷವನ್ನು ಶೇ. 10ರ ಬಡ್ಡಿಗೆ 7 ವರ್ಷಗಳ ಸಾಲವಾಗಿ ಪಡೆದರೆ ಮಾಸಿಕ ಕಂತು ಸುಮಾರು 13,280 ರೂ. ಮೂರು ವರ್ಷಗಳಲ್ಲಿ ನಾವು 4 ಲಕ್ಷ 78 ಸಾವಿರ ಕಟ್ಟಿರುತ್ತೇವೆ. ಆದರೆ ಅದರಲ್ಲಿ ಅಸಲಿಗೆ ಸಂದದ್ದು 2 ಲಕ್ಷ 76 ಸಾವಿರ ಮಾತ್ರ, ಉಳಿದುದೆಲ್ಲ ಬಡ್ಡಿ. ಬಾಕಿ ಇನ್ನೂ 5 ಲಕ್ಷ 24 ಸಾವಿರ. ಇತ್ತ ವಿಮಾ ಪಾಲಿಸಿಯ ಸವಕಳಿ ಪಟ್ಟಿಯಂತೆ ಮೂರು ವರ್ಷ ದಾಟಿದ ಕಾರಿನ ಮೌಲ್ಯದಲ್ಲಿ ಶೇ. 40 ಕಳೆದು ಉಳಿಯುವುದು 4 ಲಕ್ಷ 20 ಸಾವಿರ. ಮಾರುಕಟ್ಟೆಯಲ್ಲಿ ತುಸು ಹೆಚ್ಚೋ ಕಡಿಮೆಯೋ ಸಿಗಬಹುದು. ಕಾರು ಅಪಘಾತದಲ್ಲಿ ಪೂರ್ಣ ನಾಶವಾದರೂ ವಿಮೆಯವರ ಲೆಕ್ಕ ಈ ಮೌಲ್ಯಕ್ಕೇ ನಿಲ್ಲುತ್ತದೆ. ಆಗ ವಾಹನವಿಲ್ಲದೆಯೂ ಲಕ್ಷ ರೂಪಾಯಿ ಸಾಲ ಉಳಿದಿರುತ್ತದೆ.

ಸರಕಾರದ ನಿರ್ಧಾರಗಳೂ ಈ ಅಂತರವನ್ನು ಹಿಗ್ಗಿಸಬಲ್ಲವು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು, ಸೆಸ್ ಕೂಡ ರದ್ದಾಯಿತು. ಹೊಸ ಗ್ರಾಹಕರಿಗೆ ಅದು ಸಂತಸದ ಸುದ್ದಿ. ಆದರೆ ಹೊಸದೇ ಅಗ್ಗವಾದಾಗ ಹಳೆಯದಕ್ಕೆ ಹಿಂದಿನ ಬೆಲೆಯನ್ನು ಯಾರು ಕೊಟ್ಟಾರು? ಹಿಂದೆ ದುಬಾರಿಗೆ ಕೊಂಡವರ ಸಾಲದ ಬಾಕಿಯಲ್ಲಂತೂ ಒಂದು ರೂಪಾಯಿಯೂ ಇಳಿಯಲಿಲ್ಲ.

ಇನ್ನು ಆ ಒಂದು ಲಕ್ಷದ ಅಂತರವನ್ನು ತುಂಬುವವರು ಯಾರು? "ಹೇಗಾದರೂ ಅಡ್ಜಸ್ಟ್ ಮಾಡೋಣ" ಎಂಬ ಮಾತು ಕೇಳಲು ಬಹಳ ಹಿತ. ಹಳೆಯ ಸಾಲ ತೀರದೆ ಕಾರು ಕೈಬದಲಾಗದು. ಹೊಸ ಕಾರಿನ ಬೆಲೆಯನ್ನು ಮೀರಿ ಬ್ಯಾಂಕು ಸಾಮಾನ್ಯವಾಗಿ ಸಾಲ ಕೊಡದು. ಆದ್ದರಿಂದ ಮನೆಯ ಚಿನ್ನ ಅಡವಿಗೆ ಹೋಗುತ್ತದೆ, ಇಲ್ಲವೇ ಇನ್ನೂ ದುಬಾರಿಯಾದ ವೈಯಕ್ತಿಕ ಸಾಲ ಹೆಗಲೇರುತ್ತದೆ. ಶೇ. 10ರ ಬಡ್ಡಿಗೇ ಸಿಕ್ಕಿತೆಂದು ಭಾವಿಸಿದರೂ 7 ವರ್ಷಗಳಲ್ಲಿ ಆ ಒಂದು ಲಕ್ಷಕ್ಕೆ ತೆರುವುದು 1 ಲಕ್ಷ 39 ಸಾವಿರ. ಅದೂ ನಮ್ಮ ಅಂಗಳದಲ್ಲಿ ಇಲ್ಲದ ಕಾರಿಗೆ!

ಇದಕ್ಕಿಂತಲೂ ಅಪಾಯಕಾರಿಯಾದ ದಾರಿಯೊಂದನ್ನು ಕೆಲವರು ಹಿಡಿಯುತ್ತಾರೆ. ಛಾಪಾ ಕಾಗದದಲ್ಲಿ ಕರಾರು ಬರೆದು, ಉಳಿದ ಕಂತು ನೀನೇ ಕಟ್ಟು ಎಂದು ಕಾರನ್ನು ಇನ್ನೊಬ್ಬರಿಗೆ ಒಪ್ಪಿಸಿಬಿಡುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಆರ್‌ಸಿ ವರ್ಗಾವಣೆ ಆಗದು. ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತ ಪರಿಹಾರಕ್ಕೆ ಹೊಣೆಗಾರರು ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. ಕಾರು ಓಡಿಸುವವನು ಅವನು, ನ್ಯಾಯಾಲಯಕ್ಕೆ ಅಲೆಯುವವರು ನಾವು.

ಹಾಗಾದರೆ ಮಾಡುವುದೇನು? ಕಾರು ಓಡುವ ಸ್ಥಿತಿಯಲ್ಲಿದ್ದರೆ ಇನ್ನೆರಡು ವರ್ಷ ಓಡಿಸುವುದೇ ಲೇಸು. ಕಂತಿನಲ್ಲಿ ಅಸಲಿನ ಪಾಲು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ, ಬೆಲೆಯ ಕುಸಿತ ನಿಧಾನವಾಗುತ್ತದೆ. ನೆರೆಯವರ ಅಂಗಳದ ಹೊಸ ಕಾರು ನಮ್ಮ ಕಂತನ್ನು ಕಟ್ಟುವುದಿಲ್ಲವಷ್ಟೆ. ಕೈಗೆ ಹಣ ಬಂದಾಗ ಅಸಲಿಗೆ ಕಟ್ಟಬಹುದು. ಆದರೆ ಸ್ಥಿರ ಬಡ್ಡಿಯ ಸಾಲಕ್ಕೆ ಅವಧಿಪೂರ್ವ ಪಾವತಿಯ ಶುಲ್ಕವಿರುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳಬೇಕು. 2024ರ ಅಕ್ಟೋಬರ್ 1ರಿಂದ ಸಾಲ ನೀಡುವವರು ವಾರ್ಷಿಕ ಒಟ್ಟು ವೆಚ್ಚವನ್ನೂ ಶುಲ್ಕಗಳನ್ನೂ ತೋರಿಸುವ ಮುಖ್ಯಾಂಶ ಪತ್ರವನ್ನು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ. ಸಹಿ ಹಾಕುವ ಮುನ್ನ ಅದನ್ನು ಕೇಳಿ ಪಡೆಯಲು ಸಂಕೋಚವೇಕೆ?

ಸಾಲ ತೀರಿದ ದಿನ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಪಡೆದು, ಆರ್‌ಟಿಒದಲ್ಲಿ ಆರ್‌ಸಿಯಿಂದ ಬ್ಯಾಂಕಿನ ಹೆಸರನ್ನು ತೆಗೆಸಬೇಕು. ಕೊನೆಯ ಕಂತು ಕಟ್ಟಿಯೂ ಇದನ್ನು ಮರೆತು, ಕಾರು ಮಾರುವ ದಿನ ಬ್ಯಾಂಕಿನ ಬಾಗಿಲಿಗೆ ಓಡುವವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ.